ಹವಳಕ್ಕೆ ಹೊಡೆದ ಗೂಟ

ಪರಮೇಶ್ವರಮ್ಮನ ಮೇಲಿನ ಸಿಟ್ಟು ಮಂಕಿಯ ಜಟ್ಟನಿಗೆ ಇವತ್ತಿಗೂ ಇಳಿದಿಲ್ಲ. ಹೊನ್ನಾವರದ ಬಂದರು ರಸ್ತೆಯ ಆ ಮನೆಯ ಸುದ್ದಿ ಎತ್ತಿದರೆ ಸಾಕು, ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳಕ್ಕೆ ಉಗಿದು ಬಂದು ಶುರುಮಾಡುತ್ತಾನೆ. ಆ ಮನೆಯ ರುಬ್ಬುವ ಕಲ್ಲನ್ನು ಕಡೆದವನು ಅವನ ಅಪ್ಪ. ಅಪ್ಪ ತೀರಿಕೊಂಡ ಮೇಲೆ, ಅದು ಸವೆದು ನುಣ್ಣಗಾದಾಗಲೆಲ್ಲ ಉಳಿ ಸುತ್ತಿಗೆ ಹಿಡಿದು ಹೋಗಿ ಕಚ್ಚು ಹಾಕಿಕೊಟ್ಟವನು ಇವನು. ಕಲ್ಲಿನ ಮೈಗೆ ಒತ್ತೊತ್ತಾಗಿ ಸಣ್ಣ ಗುಳಿ ಬಿದ್ದರೇ ಅಕ್ಕಿ, ಉದ್ದು ಜಾರದೆ ನಿಂತು ಅರೆಯುವುದು. ಕಚ್ಚು ಆಳವಾದರೆ ಹಿಟ್ಟಿನಲ್ಲಿ ಕಲ್ಲುಪುಡಿ; ತೆಳುವಾದರೆ ನಾಲ್ಕು ದಿನಕ್ಕೆ ಮತ್ತೆ ನುಣುಪು. ಶಿರಾಲಿಯಿಂದ ಕುಮಟೆಯವರೆಗೆ ಈ ಕೆಲಸಕ್ಕೆ ಜಟ್ಟನನ್ನು ಕರೆಯದ ಕೇರಿ ಇರಲಿಲ್ಲ.

೧೯೯೮ರ ದೀಪಾವಳಿ ಕಳೆದ ಮೇಲೆ ಹೋಗಿ ನೋಡಿದರೆ, ಆ ಕಲ್ಲು ಬಾವಿಕಟ್ಟೆಯ ಪಕ್ಕ ಮುಖ ಅಡಿಯಾಗಿ ಬಿದ್ದಿತ್ತು. ಬೆನ್ನ ಮೇಲೆ ಸಾಬೂನಿನ ನೊರೆ. ಪರಮೇಶ್ವರಮ್ಮ ಹೊದಿಕೆಯೊಂದನ್ನು ಎತ್ತಿ ಎತ್ತಿ ಅದರ ಮೇಲೆ ಬಡಿಯುತ್ತಿದ್ದರು.

“ಮಿಕ್ಸಿ ಬಂತು ಜಟ್ಟಾ. ಇನ್ನು ನೀ ಬರೂದು ಬೇಡ,” ಎಂದರು. ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

ಸಿಟ್ಟು ಮಿಕ್ಸಿ ತಂದದ್ದಕ್ಕಲ್ಲ. ಆ ಹೊತ್ತಿಗೆ ಅರ್ಧ ಪೇಟೆಯೇ ಮಿಕ್ಸಿ ತಂದಾಗಿತ್ತು. ಬೇಡವಾದ ಕಲ್ಲನ್ನು ಮೂಲೆಗಿಡಲಿ, ತೆಂಗಿನ ಬುಡಕ್ಕೆ ಉರುಳಿಸಲಿ. ಅನ್ನದ ಕಲ್ಲನ್ನು ಕವುಚಿ ಹಾಕಿ ಕೊಳೆಬಟ್ಟೆ ಬಡಿಯುವುದೆಂದರೇನು? ಜಟ್ಟ ಗೇಟು ದಾಟಿ ರಸ್ತೆಯ ನಡುವೆ ನಿಂತು ಶುರುವಿಟ್ಟುಕೊಂಡ. ಮಿಕ್ಸಿಗೆ ಬೈದ, ಮಿಕ್ಸಿ ಮಾಡಿದವನಿಗೆ ಬೈದ, ಕರೆಂಟಿಗೆ ಬೈದ, ಆ ಮನೆಯ ದೋಸೆಗೂ ಬೈದ. ಹೋಗುವವರು ಬರುವವರು ನಿಂತು ಕೇಳಿ ಮುಂದೆ ನಡೆದರು.

ಎದುರು ಮನೆಯ ಕಂಪೌಂಡಿನ ಮೇಲೆ ಮೊಣಕೈ ಊರಿ ಒಬ್ಬ ಮನುಷ್ಯ ಇದನ್ನೆಲ್ಲ ಕೇಳುತ್ತಿದ್ದ. ಹೆಸರು ಮಹಾಬಲ, ಊರವರ ಬಾಯಲ್ಲಿ ಮಾಬ್ಲಣ್ಣ. ಮುಂಬೈಯಲ್ಲಿ ಹಡಗಿನ ಫಿಟ್ಟರ್ ಆಗಿದ್ದು, ಎಡಗಾಲಿನ ಮೇಲೆ ಕಬ್ಬಿಣ ಬಿದ್ದ ನಂತರ ಊರಿಗೆ ಬಂದು ಕೂತವನು.

“ಹೋಯ್, ಬೈದು ಮುಗೀತಾ? ಮುಗೀದಿದ್ರೆ ಮುಗಿಸ್ಕಂಡೇ ಬಾ. ನಂದೊಂದು ಕಲ್ಲಿನ ಕೆಲಸ ಅದೆ.”

“ಎಂತ ಕಲ್ಲು? ನಿಂದೂ ಬಟ್ಟೆ ಒಗೂ ಕಲ್ಲಾ?”

“ಒಳಗೆ ಬಂದು ನೋಡು. ನೀ ಇಷ್ಟು ವರ್ಷ ಕುಟ್ಟಿದ್ದೆಲ್ಲ ಸತ್ತ ಕಲ್ಲು. ಇದು ಉಂಬೂ ಕಲ್ಲು.”

ಸಿಟ್ಟಿನ ಮನುಷ್ಯನನ್ನು ಸುಮ್ಮನಿರು ಎಂದರೆ ಸುಮ್ಮನಾಗುವುದಿಲ್ಲ. ಹೀಗೊಂದು ಮಾತು ಎಸೆದರೆ ಆಗುತ್ತಾನೆ. ಜಟ್ಟ ಚೀಲ ಹೆಗಲಿಗೇರಿಸಿ ಒಳಗೆ ಹೋದ.

ಹೊರಜಗಲಿಯ ಪಕ್ಕದ ಕೋಣೆಯಲ್ಲಿ ಬೆಂಚಿನಷ್ಟು ಉದ್ದದ ಗಾಜಿನ ಪೆಟ್ಟಿಗೆ. ಮೇಲೆ ಟ್ಯೂಬ್‌ಲೈಟು, ಹಿಂದೆ ಗುಂಯ್‌ಗುಡುವ ಸಣ್ಣ ಮೋಟರು, ಒಳಗೆ ಉಪ್ಪುನೀರು. ತೂತು ತೂತಾದ ಬಿಳಿ ಕಲ್ಲುಗಳನ್ನು ಗುಡ್ಡದಂತೆ ಪೇರಿಸಿಟ್ಟಿದ್ದ. ಗುಡ್ಡದ ತುದಿಯಲ್ಲಿ, ಮುಷ್ಟಿಯಷ್ಟು ಕಲ್ಲಿನ ಮೇಲೆ, ದೊಡ್ಡ ಅಣಬೆಯಂಥದೊಂದು ನಿಂತಿತ್ತು. ಅದರ ತಲೆಯ ತುಂಬ ಎಳೆ ಬೆರಳುಗಳು. ಗಾಳಿ ಬೀಸಿದಾಗ ಸಸಿಮಡಿ ಆಡುವ ಹಾಗೆ ಎಲ್ಲವೂ ಒಂದೇ ಕಡೆ ವಾಲಿ, ಒಂದೇ ಕಡೆ ಏಳುತ್ತಿದ್ದವು. ಜಟ್ಟ ಕೇಳಲೂ ಇಲ್ಲ, ಅಂಗಿಯ ತೋಳು ಮಡಚಿ ಕೈ ಇಳಿಸಿ ಬೆರಳ ತುದಿಯಿಂದ ಮುಟ್ಟಿಬಿಟ್ಟ. ಮುಟ್ಟಿದಲ್ಲಿಂದ ಶುರುವಾಗಿ ಅಷ್ಟೂ ಬೆರಳು ಸರಸರನೆ ಒಳಗೆ ಹೋಗಿ, ಅಣಬೆ ಬೋಳಾಯಿತು. ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದ.

“ಇದಕ್ಕೆ ಜೀವ ಅದ್ಯಾ?”

“ಹವಳ ಮಾರಾಯಾ. ಪ್ರಾಣಿ.”

“ಕಾಲೆಲ್ಲಿ ಅದೆ?”

“ಕಾಲಿಲ್ಲ. ಬಾಯದೆ. ಆ ಒಂದೊಂದು ಬೆರಳಿನ ತುದೀಗೂ ಒಂದೊಂದು ಬಾಯಿ.”

“ಅಷ್ಟು ಬಾಯಾ! ಹಂಗಾದ್ರೆ ನಿಂದು ಎದುರು ಮನೆಯವರಿಗಿಂತ ಜೋರಾತು.”

ಮಾಬ್ಲಣ್ಣ ನಗುತ್ತಲೇ ತನ್ನ ಕಷ್ಟ ಹೇಳಿದ. ಈ ಹವಳವನ್ನು ಮುಂಬೈಯ ಅಂಗಡಿಯಿಂದ ನೀರಿನ ಡಬ್ಬದಲ್ಲಿ ತರಿಸಿದ್ದು. ಆಗ ಅದಕ್ಕೆ ಅಡ್ಡಿ ಇರಲಿಲ್ಲ. ತಂದಿಟ್ಟ ದಿನದಿಂದ ಅದು ನಿಲ್ಲುವುದಿಲ್ಲ. ತಳದಲ್ಲಿ ಶಂಖ ಹೊತ್ತು ತಿರುಗುವ ಏಡಿಯೊಂದಿದೆ; ಅದು ಗುಡ್ಡ ಹತ್ತಿ ಬಂದು ದೂಡಿದರೆ ಹವಳ ಕಲ್ಲು ಸಮೇತ ಉರುಳಿ ಮರಳಿನ ಮೇಲೆ ಮುಖ ಅಡಿಯಾಗಿ ಬೀಳುತ್ತದೆ. ಕಾಣದೆ ಹಾಗೇ ಉಳಿದರೆ ಕೊಳೆಯುತ್ತದೆ. ಅದೊಂದು ಕೊಳೆತರೆ ನೀರೆಲ್ಲ ಕೆಟ್ಟು ಪೆಟ್ಟಿಗೆಯಲ್ಲಿದ್ದ ಅಷ್ಟೂ ಜೀವ ಹೋಗುತ್ತದೆ.

“ಆ ಏಡೀನ ಸಾರು ಮಾಡು ಮಾಬ್ಲಣ್ಣ. ಮುಗೀತು.”

“ಅದು ಪಾಚಿ ತಿಂಬೂದು. ಅದಿಲ್ದಿದ್ರೆ ಈ ಗಾಜೆಲ್ಲ ಹಸಿರಾತದೆ.”

“ಹಂಗಾದ್ರೆ ಸಿಮೆಂಟು ಹಾಕಿ ಕೂರ್ಸು.”

“ಅದೇ ಆಗೂದಿಲ್ಲ ಅಂಬೂದು. ಮೇಲಿಟ್ರೆ ಬೆಳಕು ಹೆಚ್ಚಾಗಿ ಮುದುಡ್ತದೆ. ಕೆಳಗಿಟ್ರೆ ಸೊರಗ್ತದೆ. ಅದಕ್ಕೆ ಸಮಾಧಾನ ಆಗೂ ಜಾಗ ಸಿಗೂ ತನಕ ಎತ್ತಿ ಎತ್ತಿ ಇಡ್ತಾ ಇರ್ಬೇಕು. ಗಟ್ಟಿ ಕೂರ್ಬೇಕು, ಏಳು ಅಂದಾಗ ಏಳ್ಬೇಕು.”

ಜಟ್ಟನಿಗೆ ಕೂಡಲೇ ಬೀಸುವ ಕಲ್ಲು ನೆನಪಾಯಿತು. ಅದರ ಮೇಲಿನ ಕಲ್ಲಿಗೆ ಹಿಡಿಕೆಯ ಗೂಟ ಕೂರಿಸುವ ರೀತಿ ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಬಂದದ್ದು. ಚೆನ್ನಾಗಿ ಒಣಗಿದ ಮತ್ತಿ ಮರದ ಗೂಟವನ್ನು ತೂತಿಗೆ ಸರಿಯಾಗಿ ಕೆತ್ತಿ, ಹೊಡೆದು, ಮೇಲೆ ನೀರು ಹನಿಸಿ ಬಿಡುವುದು. ಮರ ನೀರು ಕುಡಿದು ಉಬ್ಬಿ ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಬೇಡವೆಂದಾಗ ಬಿಸಿಲಿಗಿಟ್ಟರೆ ಒಣಗಿ ತಾನೇ ಸಡಿಲ.

“ಗೂಟ ಹೊಡೆಯೂದು,” ಎಂದ. “ಈ ಗುಡ್ಡಕ್ಕೊಂದು ತೂತು, ಹವಳದ ಅಡಿಕಲ್ಲಿಗೊಂದು ತೂತು, ನಡುವೆ ಗೂಟ. ನಿನ್ನ ಏಡಿ ಅಲ್ಲ, ಏಡಿಯ ಅಪ್ಪ ಬಂದ್ರೂ ಹಂದೂದಿಲ್ಲ.”

ಹವಳವನ್ನು ಕಡಲ ನೀರು ತುಂಬಿದ ಟಬ್ಬಿನಲ್ಲಿಟ್ಟೇ ಕೆಲಸ ಶುರುವಾಯಿತು. ಜಟ್ಟ ಕಲ್ಲನ್ನು ಕಿವಿಯಿಂದ ಅಳೆಯುವವನು. ಕರಿಕಲ್ಲಿಗೆ ಉಳಿ ತಾಗಿಸಿದರೆ ಗಂಟೆಯ ಸ್ವರ. ಕೆಂಪುಕಲ್ಲಿಗೆ ಮಣ್ಣುಗೋಡೆ ಬಡಿದ ಸ್ವರ. ಈ ಕಲ್ಲು ಎರಡೂ ಅಲ್ಲ, ಒಣ ತೆಂಗಿನ ಚಿಪ್ಪು ತಟ್ಟಿದ ಹಾಗೆ ಸದ್ದು ಮಾಡಿತು. ಎರಡನೆಯ ಪೆಟ್ಟಿಗೆ ಉಳಿ ಸರ್ರನೆ ಒಳಗೇ ಹೋಯಿತು.

“ಇದೆಂತ ಕಲ್ಲಾ ರೊಟ್ಟಿಯಾ!” ಎಂದು ಜಟ್ಟನಿಗೆ ಅವಮಾನವೇ ಆಯಿತು. ಆಗಲೇ ಕೈ ತಡೆಯಬೇಕಿತ್ತು. ಆದರೆ ಕೈಗೆ ರೂಢಿಯಾದದ್ದು ಕರಿಕಲ್ಲು. ಒಣ ಗೂಟ ಕೆತ್ತಿ, ಎರಡೂ ಕಡೆ ಬಿಗಿಯಾಗಿ ಕೂರಿಸಿ, ಅಲುಗಾಡಿಸಿ ತೋರಿಸಿ, ಮಾಬ್ಲಣ್ಣ ಕೊಟ್ಟ ಚಾ ಕುಡಿದು ಬಸ್ಸು ಹತ್ತಿದ.

ಕೆಲಸ ಮುಗಿದ ಮನೆಗೆ ಮತ್ತೆ ಕರೆಯದೆ ಹೋಗುವ ಜಾಯಮಾನ ಅವನದಲ್ಲ. ಆದರೆ ಈ ಸಲ ತಡೆಯಲಾಗಲಿಲ್ಲ. ಕಾಲಿಲ್ಲದ, ಮೈತುಂಬ ಬಾಯಿರುವ ಆ ಪ್ರಾಣಿ ಏನು ತಿನ್ನುತ್ತದೆ, ಕತ್ತಲಾದರೆ ಏನು ಮಾಡುತ್ತದೆ ಎಂದು ಒಂದೇ ಸಮ ತಲೆಯಲ್ಲಿ. ನಾಲ್ಕಾರು ದಿನ ಬಿಟ್ಟು ಉಳಿ ಮರೆತೆನೆಂಬ ನೆಪ ಮಾಡಿ ಹೋದ.

ಪೆಟ್ಟಿಗೆಯ ನೀರು ಹಾಲು ಹಾಕದ ಚಾದ ಬಣ್ಣಕ್ಕೆ ತಿರುಗಿತ್ತು. ಮತ್ತಿಯ ಒಗರು. ಹವಳದ ಅಡಿಕಲ್ಲು ಹೋಳಾಗಿ ಎರಡು ಕಡೆ ಬಿದ್ದಿತ್ತು. ಕಲ್ಲಿನೊಡನೆ ಹವಳವೂ ತಲೆಯಿಂದ ಬುಡದವರೆಗೆ ಹರಿದು ಎರಡಾಗಿತ್ತು. ಗೂಟ ಮಾತ್ರ ಉಬ್ಬಿ, ಗುಡ್ಡದ ತುದಿಯಲ್ಲಿ ನೆಟ್ಟಗೆ ನಿಂತಿತ್ತು.

ಜಟ್ಟನಿಗೆ ಆಗ ಹೊಳೆಯಿತು. ಬಂಡೆ ಸೀಳುವವರು ಮಾಡುವುದೂ ಇದನ್ನೇ. ಒಣ ಮರದ ಬೆಣೆ ಹೊಡೆದು ನೀರು ಹಾಕಿದರೆ ಎಂಥ ಬಂಡೆಯೂ ಬಿರಿಯುತ್ತದೆ. ಇದನ್ನು ಅವನು ನಡೆಯಲು ಕಲಿತಾಗಿನಿಂದ ಕಂಡವನು. ಅಪ್ಪನ ಕೈಯಲ್ಲಾಗಲಿ ತನ್ನ ಕೈಯಲ್ಲಾಗಲಿ ಒಂದು ಮನೆಯ ಕಲ್ಲು ಒಡೆದದ್ದಿಲ್ಲ. ಈಗ ಒಡೆದದ್ದು ಜೀವವಿದ್ದ ಕಲ್ಲು. ಬಾಯಿಗೆ ಬಂದದ್ದೆಲ್ಲ ಹೊರಬಿತ್ತು. ಗೂಟಕ್ಕೆ ಬೈದ, ಮತ್ತಿ ಮರಕ್ಕೆ ಬೈದ, ಮುಂಬೈಯ ಅಂಗಡಿಯವನ ವಂಶಕ್ಕೆ ಬೈದ.

ಮಾಬ್ಲಣ್ಣ ಬೈಯಲಿಲ್ಲ. ಕುಂಟುತ್ತ ಬಂದು ಸ್ಟೂಲಿನ ಮೇಲೆ ಕೂತು, “ನಂಗೂ ಹೊಳೀಲಿಲ್ಲಲ ಮಾರಾಯಾ,” ಎಂದ. “ಇನ್ನು ಗಾಯ ಮಾಯ್ಬೇಕು. ಮಾಯದೆ ಕೊಳೆತ್ರೆ ಪೆಟ್ಟಿಗೇನೇ ಖಾಲಿ ಮಾಡೂದು. ಮೊದ್ಲು ಒಳ್ಳೆ ನೀರು ಬೇಕು.”

“ನೀರು ನಾ ತತ್ತೆ. ಇದ್ನ ಬದುಕ್ಸಿ ಕೂರ್ಸಿ ಕೊಡೂ ತನಕ ನಾ ಬೇರೆ ಕಲ್ಲು ಮುಟ್ಟೂದಿಲ್ಲ,” ಎಂದು ಜಟ್ಟ ಗಾಜಿನ ಮೇಲೆ ಕೈಯಿಟ್ಟು ಹೇಳಿದ. ಮುಟ್ಟಲು ಬೇರೆ ಕಲ್ಲೂ ಹೆಚ್ಚು ಉಳಿದಿರಲಿಲ್ಲ, ಅದು ಬೇರೆ ಮಾತು.

ಹೊನ್ನಾವರದ ಅಳಿವೆಯ ನೀರು ಆಗದು. ಶರಾವತಿಯ ಸಿಹಿನೀರು ಬೆರೆತಿರುತ್ತದೆ. ಜಟ್ಟ ಮಂಕಿಯ ಕಡಲಿನಲ್ಲಿ ಎದೆಮಟ್ಟ ಇಳಿದು, ಭರತದ ಹೊತ್ತಿನ ತಿಳಿನೀರನ್ನೇ ಕ್ಯಾನಿಗೆ ತುಂಬಿ, ಕಂಡಕ್ಟರನ ಹತ್ತಿರ ಜಗಳವಾಡಿ ಬಸ್ಸಿಗೇರಿಸಿ ತಂದ. ಹೋದಾಗಲೆಲ್ಲ ಗಾಜಿಗೆ ಮೂಗು ತಾಗಿಸಿ ಕೂರುತ್ತಿದ್ದ. ಮನೆಯಲ್ಲಿ ಹೆಂಡತಿ ಸೀತೆ ಬಿಡುತ್ತಿರಲಿಲ್ಲ.

“ಎಂತ, ಇವತ್ತೂ ಬಾಣಂತಿ ನೋಡೂಕೆ ಹೊರಟ್ರಾ?”

“ನಿಂಗೆಂತ ಗೊತ್ತು? ಹರಿದ ಬದಿ ಒಳಗೆ ಮಡಚ್ಕಂತಾ ಅದೆ. ನಿನ್ನೆ ಒಂದು ಬೆರಳು ಹೊರಗೆ ಬಂದದೆ.”

“ನಂಗೆ ಜ್ವರ ಬಂದಾಗ ಇಷ್ಟು ಸಲ ಮುಖ ನೋಡಿದ್ರಾ?”

ಬೈದುಕೊಳ್ಳುತ್ತಲೇ ಅವಳು ಮುಂದೇನಾಯಿತೆಂದು ಕೇಳುತ್ತಿದ್ದಳು; ಇವನು ಹೇಳುತ್ತಿದ್ದ. ಗಾಯದ ಬಾಯಿ ಕೂಡಿತು. ಮೊದಲು ದೊಡ್ಡ ಹೋಳಿನ ಮೇಲೆ, ಆಮೇಲೆ ಚಿಕ್ಕದರ ಮೇಲೆ ಬೆರಳುಗಳು ಎದ್ದವು. ಒಂದು ದಿನ ಎರಡೂ ಅರಳಿ, ಎರಡೂ ಒಂದೇ ಕಡೆ ವಾಲಿ ಆಡುತ್ತಿದ್ದವು.

“ಮಾಬ್ಲಣ್ಣ, ಇದ್ರಲ್ಲಿ ಮೊದ್ಲಿಂದು ಯಾವ್ದು, ಹೊಸತು ಯಾವ್ದು?”

“ನಂಗೂ ಗೊತ್ತಿಲ್ಲ. ಎರಡೂ ಮೊದ್ಲಿಂದೇ.”

“ಹಂಗಾದ್ರೆ ಎರಡಕ್ಕೂ ಒಂದೇ ವಯಸ್ಸಾ? ಇದ್ರ ನೋವು ಅದಕ್ಕೆ ಗೊತ್ತಾಗ್ತದ್ಯಾ?”

“ನೀ ಬರೂ ಮೊದ್ಲು ನಂಗೆ ಇಂಥ ತಲೆಬಿಸಿ ಇಲ್ಲಾಗಿತ್ತು,” ಎಂದ ಮಾಬ್ಲಣ್ಣ.

ಬದುಕಿದ್ದೇನೋ ಹೌದು, ನಿಲ್ಲಬೇಕಲ್ಲ. ಏಡಿಗೆ ಈಗ ಒಂದರ ಬದಲು ಎರಡು ಸಿಕ್ಕಂತಾಯಿತು. ಚಿಕ್ಕ ಹೋಳನ್ನು ಅದು ದೂಡಿಯೇ ಬಿಟ್ಟಿತು. ಮಾಬ್ಲಣ್ಣ ಕಂಡು ಎತ್ತುವಷ್ಟರಲ್ಲಿ ಮರಳಿಗೆ ತಾಗಿದ ಅಂಚು ಕಪ್ಪಾಗಿತ್ತು. ಇನ್ನೊಮ್ಮೆ ಬಿದ್ದರೆ ಉಳಿಯದು ಎಂಬುದು ಇಬ್ಬರಿಗೂ ತಿಳಿದಿತ್ತು.

ಈ ಸಲ ಮಾಬ್ಲಣ್ಣ ಹಳೆಯ ಹಲ್ಲುಜ್ಜುವ ಬ್ರಶ್ಶಿನ ಹಿಡಿ ಕೊಯ್ದು ಗೂಟ ಮಾಡಿದ. ಪ್ಲಾಸ್ಟಿಕ್ಕು ನೀರು ಕುಡಿಯದು, ಉಬ್ಬದು. ಉಳಿಯ ಬದಲು ಕೈಯಿಂದ ತಿರುಗಿಸುವ ಡ್ರಿಲ್ಲು. ಪೆಟ್ಟಿಲ್ಲ, ಒಡೆಯುವ ಭಯವಿಲ್ಲ. ಗುಡ್ಡದಲ್ಲಿ ಮೇಲೊಂದು, ನಡುವೆರಡು, ಕೆಳಗೊಂದು ಎಂದು ಬೇಕಾದ ಕಡೆಯೆಲ್ಲ ತೂತು ಹಾಕಿದರು. ಆದರೆ ನುಣ್ಣನೆಯ ಗೂಟ ಆ ತೂತಿನಲ್ಲಿ ನಿಲ್ಲಲೊಲ್ಲದು. ಬಿಗಿ ಮಾಡಿ ಒತ್ತಿದರೆ ಕಲ್ಲಿನ ಅಂಚು ಪುಡಿಯಾಗುತ್ತದೆ. ಸಡಿಲ ಬಿಟ್ಟರೆ ಏಡಿಯ ಕಾಲು ತಾಗಿದೊಡನೆ ಗಿರ್ರನೆ ತಿರುಗಿ ಮೇಲೇಳುತ್ತದೆ.

ತೂತು ಹಾಕಿದ ಒಂದು ಸತ್ತ ಕಲ್ಲಿನ ತುಂಡನ್ನೂ ಗೂಟವನ್ನೂ ಜಟ್ಟ ಮನೆಗೆ ಹೊತ್ತು ತಂದ. ಜಗಲಿಯಲ್ಲಿ ಕೂತು ಹಾಕಿದ, ತೆಗೆದ, ಹಾಕಿದ, ತೆಗೆದ. ಆಮೇಲೆ ಗೂಟವನ್ನು ಅಂಗಳಕ್ಕೆಸೆದು, ತಾನೇ ಹೋಗಿ ಹುಡುಕಿ ತಂದ. ಪಕ್ಕದಲ್ಲಿ ಸೀತೆ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರುಕು ಕಟ್ಟುತ್ತಿದ್ದಳು. ಮೀನುಗಾರರ ಮನೆಗಳ ಬಲೆ ಕಟ್ಟಿಕೊಡುವುದು ಅವಳ ಕೆಲಸ.

“ಅದ್ರ ಜೊತೆ ಎಂತಕ್ಕೆ ಗುದ್ದಾಡ್ತ್ರಿ? ಅದಕ್ಕೆಂತ ಕಿವಿ ಅದ್ಯಾ ನೀವು ಬೈದದ್ದು ಕೇಳೂಕೆ?”

“ನಿಂಗೆ ತಿಳೀದಿದ್ದಕ್ಕೆ ಬಾಯಿ ಹಾಕ್ಬೇಡ.”

“ಕೊಡಿ ಇಲ್ಲಿ.”

“ಸೀತೇ...”

“ಕೊಡಿ ಅಂದ್ರೆ. ಕೊಡಪಾನದ ಬಾಯಿಗೆ ತೆಂಗಿನ ಜುಂಗು ಸುತ್ತೂದಿಲ್ವಾ ಮುಚ್ಚಳ ಸಡ್ಲಾದ್ರೆ? ಹಂಗೇ.”

ಅವಳು ಬಲೆಯ ನೈಲಾನ್ ನೂಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಗೂಟಕ್ಕೆ ಒಂದೇ ಬದಿಯಾಗಿ ಒತ್ತೊತ್ತಾಗಿ ಸುತ್ತಿದಳು. ಬಲೆಗೆ ಹಾಕುವ ಗಂಟನ್ನೇ ಹಾಕಿ ಬಿಗಿದಳು. ಸುತ್ತಿದ ದಿಕ್ಕಿಗೇ ತಿರುಗಿಸುತ್ತ ಒತ್ತಿದಾಗ ನೂಲು ಗೂಟಕ್ಕಂಟಿ ತೆಳ್ಳಗಾಗಿ ಗೂಟ ನಯವಾಗಿ ಇಳಿಯಿತು. ಕೊನೆಗೆ ಒಂದು ಚೂರು ಹಿಂದಕ್ಕೆ ತಿರುಗಿಸಿದಳು. ನೂಲು ಸಡಿಲಗೊಂಡು ಉಬ್ಬಿ ತೂತನ್ನು ತುಂಬಿತು. ಜಟ್ಟ ಎಳೆದು ನೋಡಿದ. ಬರಲಿಲ್ಲ. ಕಲ್ಲಿಗೂ ನೋವಿಲ್ಲ. ಮತ್ತೆ ಸುತ್ತಿದ ಕಡೆಗೇ ತಿರುಗಿಸಿ ಎಳೆದ. ಬೆಣ್ಣೆಯಿಂದ ಬೆರಳು ತೆಗೆದ ಹಾಗೆ ಬಂತು.

ಇನ್ನೊಮ್ಮೆ ಹಾಕಿ, ಇನ್ನೊಮ್ಮೆ ತೆಗೆದ.

“ಆದ್ರೆ ಒಂದು,” ಎಂದಳು ಸೀತೆ. “ಇದಕ್ಕೆ ಬದ್ಲು ನಂಗೂ ಆ ಹವಳ ತೋರ್ಸೂಕೆ ಬೇಕು. ಕೇಳಿ ಕೇಳಿ ಕಿವಿ ತುಂಬಿ ಹೋತು. ಒಂದ್ಸಲ ಕಣ್ಣಲ್ಲಿ ನೋಡ್ಬೇಕು.”

“ಆತು ಮಾರಾಯ್ತಿ. ಬರೂ ವಾರ ಕರ್ಕಂಡು ಹೋತೆ.”

ಮರುದಿನವೇ ಜಟ್ಟ ನೂಲಿನ ಉಂಡೆಯೊಡನೆ ಹೊನ್ನಾವರಕ್ಕೆ ಹೋದ. ಹೋಳುಗಳ ಅಡಿಕಲ್ಲಿಗೆ ಗೂಟದ ಒಂದು ತುದಿಯನ್ನು, ನೀರಿನೊಳಗೂ ಗಟ್ಟಿಯಾಗುವ ಎರಡು ಬಣ್ಣದ ಮೇಣ ಕಲಸಿ, ಕಾಯಂ ಆಗಿ ಕೂರಿಸಿದರು. ಇನ್ನೊಂದು ತುದಿಗೆ ನೂಲು. ಗುಡ್ಡದ ತೂತಿಗಿಟ್ಟು, ತಿರುಗಿಸಿ ಒತ್ತಿ, ಚೂರು ಹಿಂದೆ ತಿರುಗಿಸಿ ಕೈಬಿಟ್ಟರು. ಆಮೇಲೆ ಇಬ್ಬರೂ ಸ್ಟೂಲು ಎಳೆದು ಏಡಿಯ ದಾರಿ ಕಾಯುತ್ತ ಕೂತರು.

ಏಡಿಗೇನು ಅವಸರ? ಮರಳು ಕೆದಕಿತು, ಗಾಜು ಕೆರೆಯಿತು, ಶಂಖದೊಳಗೆ ಹೋಗಿ ಒಂದು ಗಳಿಗೆ ಮಲಗಿತು.

“ಬಾರಾ ಮಗನೇ,” ಎಂದ ಜಟ್ಟ ಹಲ್ಲು ಕಚ್ಚಿ. “ಬೇಡ ಅಂದಾಗ ಓಡೋಡಿ ಬತ್ತೆ.”

ಕಡೆಗೂ ಗುಡ್ಡ ಹತ್ತಿತು. ಚಿಕ್ಕ ಹೋಳಿನ ಬುಡಕ್ಕೆ ಶಂಖ ಕೊಟ್ಟು ದೂಡಿತು. ಹೋಳು ಕೊಂಚ ವಾಲಿ, ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಹಾಗೇ ನಿಂತಿತು. ಏಡಿ ಬದಿಯಿಂದ ದೂಡಿತು, ಹಿಂದಿನಿಂದ ದೂಡಿತು, ಕೊನೆಗೆ ಸುತ್ತು ಹಾಕಿಕೊಂಡು ಆಚೆ ಇಳಿಯಿತು. ಸ್ವಲ್ಪ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಹೊರಗೆ ಬಂದವು.

ಮಾಬ್ಲಣ್ಣ ಜಟ್ಟನ ಬೆನ್ನಿಗೆ ಬಲವಾಗಿ ಗುದ್ದಿದ. “ಎಂತ ತಲೆ ಮಾರಾಯಾ ನಿಂದು! ಇಷ್ಟು ವರ್ಷ ಪೈಪಿಗೆ ನೂಲು ಸುತ್ತಿದ ಫಿಟ್ಟರ್ ನಾನು. ನಂಗೇ ಹೊಳೀಲಿಲ್ಲಲ!”

ಸೀತೆಯ ಹೆಸರು ಜಟ್ಟನ ನಾಲಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಟದ್ದು, “ಹಿಂಗೇ, ಕೈಗೆ ಬಂತು ಮಾಬ್ಲಣ್ಣ,” ಎಂಬ ಮಾತು. ಕಲ್ಲೊಡೆದವನೆಂಬ ಹೆಸರು ಅಳಿಯಬೇಕಿತ್ತು, ಅಳಿಯಿತು. ಒಮ್ಮೆ ಆಡಿದ ಮೇಲೆ ಅದನ್ನು ನುಂಗುವುದು ಹೇಗೆ?

ಆ ಬರುವ ವಾರ ಬಂತು. ಅದರ ಮುಂದಿನದೂ ಬಂತು. ಸೀತೆಯನ್ನು ಕರೆದುಕೊಂಡು ಹೋದರೆ ಅವಳು ನೂಲು ಕಂಡ ಕೂಡಲೇ ಬಾಯಿ ಬಿಡುತ್ತಾಳೆ. ಹಾಗಾಗಿ ಒಮ್ಮೆ ಬಸ್ಸಿನಲ್ಲಿ ನೂಕುನುಗ್ಗಲು ಎಂದ, ಒಮ್ಮೆ ಮಾಬ್ಲಣ್ಣ ಊರಲ್ಲಿಲ್ಲ ಎಂದ, ಒಮ್ಮೆ ಸಿಟ್ಟು ಮಾಡಿ, “ಅದೆಂತ ಸರ್ಕಸ್ಸಾ ನೋಡೂಕೆ?” ಎಂದು ಹಾರಿದ. ತಾನು ಮಾತ್ರ ಹೋಗುತ್ತಲೇ ಇದ್ದ. ಒಂದನ್ನು ಮೇಲಿಂದ ನಡುವಿಗೆ, ಇನ್ನೊಂದನ್ನು ಕೆಳಗಿಂದ ಮೇಲಕ್ಕೆ ತಿರುಗಿಸಿ ತೆಗೆದು ತಿರುಗಿಸಿ ಕೂರಿಸಿ, ಯಾವ ತೂತಿನಲ್ಲಿ ಯಾವುದು ಹೆಚ್ಚು ಅರಳುತ್ತದೆಂದು ನೋಡುವುದು ಇಬ್ಬರಿಗೂ ಹುಚ್ಚೇ ಆಗಿತ್ತು.

ಮೇ ತಿಂಗಳ ಕೊನೆಗೆ ಹೋದಾಗ ಗುಡ್ಡದ ಮೇಲೆ ಬರೀ ತೂತುಗಳಿದ್ದವು.

“ಗೋವಾದ ದೋಸ್ತ ಬಂದಿದ್ದ, ಹಡಗಿನಲ್ಲಿ ಒಟ್ಟಿಗಿದ್ದವ. ಅವನ ಹತ್ರ ದೊಡ್ಡ ಟ್ಯಾಂಕು, ಜನರೇಟರು ಎಲ್ಲ ಅದೆ,” ಎಂದ ಮಾಬ್ಲಣ್ಣ. “ಮಳೆ ಹಿಡದ್ರೆ ಶರಾವತಿ ಕೆಂಪು ನೀರು ಕಡಲ ತನಕ ಹೋತದೆ. ನಿನ್ನ ಮಂಕಿ ನೀರೂ ಕೆಡ್ತದೆ, ಕರೆಂಟೂ ಇಲ್ಲ. ಇಲ್ಲಿಟ್ಟು ಸಾಯ್ಸೂದು ಬೇಡ ಅಂತ ಕೊಟ್ಟೆ. ಒಂದು ಚೂರೂ ಹರೀದೆ ಬಂತು ಮಾರಾಯಾ, ತಿರುಗ್ಸಿ ಎಳೆದದ್ದೇ. ಅಂಟ್ಸಿದ್ರೆ ಕಲ್ಲೊಡೆದೇ ತೆಗೀಬೇಕಾಗಿತ್ತು.”

ಎರಡೂ ಬದುಕಿ ಹೋದವು ಎಂಬ ಸಮಾಧಾನದಲ್ಲಿ ಜಟ್ಟ ಸ್ವಲ್ಪ ಹೊತ್ತು ಕೂತ. ಏಡಿ ಇನ್ನೂ ಇತ್ತು. ಅದು ಗುಡ್ಡದ ತುದಿಗೆ ಹೋಗಿ ಏನನ್ನೋ ಹುಡುಕುವಂತೆ ತಡಕಾಡುತ್ತಿತ್ತು. ಆಮೇಲಷ್ಟೇ ಸೀತೆ ನೆನಪಾದಳು.

ಮನೆಯಲ್ಲಿ ಹೇಳಿದಾಗ ಅವಳು ಬಲೆಯಿಂದ ತಲೆ ಎತ್ತಲಿಲ್ಲ. “ಹೌದಾ,” ಎಂದಳು, ಅಷ್ಟೇ. ಮಾಬ್ಲಣ್ಣ ಮತ್ತೆ ತರಿಸುತ್ತಾನೆಂದು ಜಟ್ಟ ನಂಬಿದ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹವಳ ಹಿಡಿಯುವುದು, ಮಾರುವುದು ಕಾನೂನಿಗೆ ವಿರುದ್ಧವಾಯಿತು. ಮಾಬ್ಲಣ್ಣ ಪೆಟ್ಟಿಗೆಯ ನೀರು ಬಸಿದುಬಿಟ್ಟ.

೨೦೦೬ರಲ್ಲಿ, ಹೊನ್ನಾವರದ ಸರಕಾರಿ ಆಸ್ಪತ್ರೆಗೆ ಕಣ್ಣು ತೋರಿಸಲು ಹೋದ ದಿನ, ಸೀತೆ ಬಂದರು ರಸ್ತೆಯ ತಿರುವಿನಲ್ಲಿ ನಿಂತುಬಿಟ್ಟಳು.

“ಹವಳ ಇಲ್ದಿದ್ರೂ ಅಡ್ಡಿಲ್ಲ. ಅದು ಇದ್ದ ಪೆಟ್ಟಿಗೆಯಾದ್ರೂ ನೋಡ್ತೆ.”

ಬೇಡವೆನ್ನಲು ಜಟ್ಟನಿಗೆ ನೆಪ ಹೊಳೆಯಲಿಲ್ಲ. ಮಾಬ್ಲಣ್ಣ ಬಾಗಿಲಿಗೇ ಬಂದು ಕರೆದ. ಗಾಜಿನ ಪೆಟ್ಟಿಗೆಯಲ್ಲಿ ಈಗ ನೀರುಳ್ಳಿ, ಬಟಾಟೆ ತುಂಬಿದ್ದವು. ಸೀತೆ ಬಗ್ಗಿ, ಗಾಜಿಗೆ ಹಣೆ ತಾಗಿಸಿ ಆ ನೀರುಳ್ಳಿಗಳನ್ನೇ ಬಹಳ ಹೊತ್ತು ನೋಡಿದಳು.

“ನಿನ್ನ ಗಂಡನ ಸಿಟ್ಟು ನೋಡಿ ಅಂವ ದಡ್ಡ ಅಂದ್ಕಬೇಡ ತಂಗೀ,” ಎಂದ ಮಾಬ್ಲಣ್ಣ ಚಾ ಲೋಟ ಕೈಗಿಡುತ್ತ. “ಗೂಟಕ್ಕೆ ಬಲೆನೂಲು ಸುತ್ತೂ ಉಪಾಯ ಅಂವಂದು. ಗೋವಾದಲ್ಲಿ ಈಗಲೂ ಹಂಗೇ ಮಾಡ್ತ್ರಂತೆ.”

ಜಟ್ಟ ಕಿಟಕಿಯ ಕಡೆ ತಿರುಗಿ ನಿಂತ. ಸೀತೆ ಗಂಡನ ಬೆನ್ನನ್ನೊಮ್ಮೆ ನೋಡಿದಳು. “ಹೌದಾ ಮಾಬ್ಲಣ್ಣ? ನಂಗೆ ಹೇಳ್ಲೇ ಇಲ್ಲ,” ಎಂದು ಚಾ ಕುಡಿದು ಲೋಟ ತೊಳೆದಿಟ್ಟಳು.

ಬಸ್‌ಸ್ಟ್ಯಾಂಡಿಗೆ ಬಂದರು. ಜಟ್ಟನೇ ಕೊನೆಗೆ ತಡೆಯಲಾರದೆ, “ಬೈಯೂದಾದ್ರೆ ಬೈದ್ಬಿಡು,” ಎಂದ.

“ನಾ ಎಂತಕ್ಕೆ ಬೈಲಿ? ಬೈಯೂದೆಲ್ಲ ನಿಮ್ಮ ಕೆಲಸ.” ಅವಳು ಸೆರಗು ಸರಿಮಾಡಿಕೊಂಡು ಮಂಕಿಯ ಬಸ್ಸು ಬರುವ ಕಡೆ ನೋಡಿದಳು. “ಹವಳ ತೋರ್ಸೂದೊಂದು ಬಾಕಿ ಇತ್ತು. ಈಗ ಎರಡಾತು.”

ಜಟ್ಟ ಎರಡನ್ನೂ ಇಲ್ಲಿಯವರೆಗೆ ತೀರಿಸಿಲ್ಲ.